ಚಿಟ್ಟೆಯ ಮೈ ನೋಡೋಣ

ನಿಂಬೆ ಗಿಡದ ಸುತ್ತ ಚಿಟ್ಟೆ ಹಾರುವುದನ್ನು ನಾವೆಲ್ಲ ನೋಡಿದ್ದೇವೆ. ಕೆಲವು ಕಡೆ ಇದಕ್ಕೆ ಪಾತರಗಿತ್ತಿ ಅಂತಾರೆ. ಬನ್ನಿ, ಅದರ ಮೈಯ ಭಾಗಗಳ ಹೆಸರು ಕಲಿಯೋಣ.

ಚಿಟ್ಟೆಯ ಮೈಯಲ್ಲಿ 3 ಭಾಗ. ತಲೆ, ಎದೆ, ಹೊಟ್ಟೆ.

ತಲೆ: ತಲೆಯ ಮೇಲೆ 2 ಮೀಸೆ. ಅದರಿಂದ ಚಿಟ್ಟೆಗೆ ವಾಸನೆ ತಿಳಿಯುತ್ತದೆ. ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯ ಹಾಗೆ ದಪ್ಪ. ದೀಪಕ್ಕೆ ಬರುವ ಪತಂಗದ ಮೀಸೆ ಸಾಮಾನ್ಯವಾಗಿ ಹೀಗಿರುವುದಿಲ್ಲ. ಕಣ್ಣು 2. ಒಂದೊಂದರಲ್ಲೂ ಸಾವಿರಾರು ಪುಟ್ಟ ಕಣ್ಣುಗಳು ಸೇರಿವೆ. ಇದು ಸಂಯುಕ್ತ ಕಣ್ಣು. ಚಿಟ್ಟೆಗೆ ಹಲ್ಲಿಲ್ಲ. ಹೀರುಕೊಳವೆ ಇದೆ. ಹೂವಿನ ಮೇಲೆ ಕೂತಾಗ ಚಾಚುತ್ತೆ. ಆಮೇಲೆ ಸುರುಳಿ ಸುತ್ತಿಕೊಳ್ಳುತ್ತೆ.

ಎದೆ: ಎದೆಗೆ 6 ಕಾಲು, 4 ರೆಕ್ಕೆ. ರೆಕ್ಕೆ ಮುಟ್ಟಿದರೆ ಕೈಗೆ ಪುಡಿ ಅಂಟುತ್ತದೆ ಅಲ್ಲವೇ? ಅದು ಬರೀ ಪುಡಿಯಲ್ಲ, ಹುರುಪೆ. ಮನೆಯ ಹೆಂಚಿನ ಹಾಗೆ ಸಾಲಾಗಿ ಜೋಡಿಸಿರುತ್ತದೆ. ಉದುರಿದರೆ ಮತ್ತೆ ಬೆಳೆಯುವುದಿಲ್ಲ. ಚಿಟ್ಟೆಗೆ ಕಾಲಿನಿಂದಲೂ ರುಚಿ ತಿಳಿಯುತ್ತದೆ! ತಾಯಿ ಚಿಟ್ಟೆ ಎಲೆಯನ್ನು ಕಾಲಿನಿಂದ ಮುಟ್ಟಿ, ಮರಿಗೆ ತಕ್ಕ ಎಲೆ ನೋಡಿ ಮೊಟ್ಟೆ ಇಡುತ್ತದೆ.

ಹೊಟ್ಟೆ: ಹೊಟ್ಟೆ ಉದ್ದ, ಮೆತ್ತಗೆ. ಅದರ ಪಕ್ಕದಲ್ಲಿ ಸಣ್ಣ ತೂತುಗಳಿವೆ. ಅವು ಉಸಿರುರಂಧ್ರ. ಚಿಟ್ಟೆಗೆ ನಮ್ಮ ಹಾಗೆ ಮೂಗಿಲ್ಲ. ಈ ತೂತುಗಳಿಂದಲೇ ಉಸಿರಾಟ.

ಇದನ್ನೆಲ್ಲ ತಿಳಿದು ಏನು ಲಾಭ ಅಂತೀರಾ? ಕೇಳಿ.

ನಿಂಬೆ, ಕರಿಬೇವಿನ ಎಲೆ ತಿನ್ನುವ ಹುಳು ನಿಂಬೆ ಚಿಟ್ಟೆಯ ಮರಿ. ಮೊದಲು ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ. ದೊಡ್ಡದಾದ ಮೇಲೆ ಹಸಿರು. ಹುಳು ಕಂಡ ಕೂಡಲೇ ವಿಷ ಹೊಡೆಯುವವರಿದ್ದಾರೆ. ವಿಷಕ್ಕೆ ಹುಳು ಮಾತ್ರ ಸಾಯುವುದಿಲ್ಲ. ಹೂವಿಗೆ ಬರುವ ಚಿಟ್ಟೆ, ಜೇನುನೊಣವೂ ಸಾಯುತ್ತವೆ. ಇವು ಹೂವಿಂದ ಹೂವಿಗೆ ಪರಾಗ ಒಯ್ದರೆ ತಾನೆ ಎಷ್ಟೋ ಗಿಡಗಳಲ್ಲಿ ಕಾಯಿ ಕಚ್ಚುವುದು? ವಿಷ ಬಿದ್ದ ಕರಿಬೇವು ನಮ್ಮ ಸಾರಿಗೇ ಬೀಳುತ್ತದೆ.

ಸಣ್ಣ ಸಸಿಗೆ ಹುಳು ಬಿದ್ದರೆ ಕೈಯಿಂದ ಆರಿಸಿ ತೆಗೆಯೋಣ. ದೊಡ್ಡ ಗಿಡದಲ್ಲಿ ನಾಲ್ಕಾರು ಹುಳು ಇದ್ದರೆ ಗಿಡ ತಡೆದುಕೊಳ್ಳುತ್ತದೆ. ಹೊಲಕ್ಕೆ ಔಷಧಿ ಬೇಕೇ ಬೇಕಾದರೆ ಡಬ್ಬಿಯ ಚೀಟಿ ನೋಡಿ. ಅದರಲ್ಲಿ ಒಂದು ಚೌಕವಿದೆ. ಚೌಕದ ಕೆಳಗಿನ ಅರ್ಧ ಕೆಂಪಾಗಿದ್ದರೆ ಅದು ಅತಿ ಘೋರ ವಿಷ. ಈಗ ನಮಗೆ ಓದಲು ಬರುತ್ತದೆ. ಚೀಟಿ ಓದದೆ ಮುಚ್ಚಳ ತೆಗೆಯುವುದು ಬೇಡ.

ಓದಿ, ಬರೆಯಿರಿ: ಮೀಸೆ, ಹೀರುಕೊಳವೆ, ಹುರುಪೆ, ರೆಕ್ಕೆ, ಉಸಿರುರಂಧ್ರ.

ಉತ್ತರ ಹೇಳಿ:
1. ಚಿಟ್ಟೆಗೆ ಎಷ್ಟು ಕಾಲು? ಎಷ್ಟು ರೆಕ್ಕೆ?
2. ಚಿಟ್ಟೆ ಯಾವುದರಿಂದ ಉಸಿರಾಡುತ್ತದೆ?
3. ನಿಮ್ಮ ಊರಿನಲ್ಲಿ ಚಿಟ್ಟೆಗೆ ಏನೆನ್ನುತ್ತಾರೆ?