ಗದ್ದಲವೂ ಗಮನವೂ

ಪರೀಕ್ಷೆಯ ದಿನಗಳು ಸಮೀಪಿಸಿದುವೆಂದರೆ ನಮ್ಮ ಮನೆಗಳಲ್ಲಿ ಒಂದು ಅಲಿಖಿತ ಶಾಸನವು ಜಾರಿಗೆ ಬರುತ್ತದೆ. ಟೆಲಿವಿಷನ್ನಿನ ಬಾಯಿ ಮುಚ್ಚುತ್ತದೆ. ಅಡುಗೆಮನೆಯ ಪಾತ್ರೆಗಳು ಮೆಲ್ಲನೆ ಕೆಳಗಿಳಿಯುತ್ತವೆ. ಕೆಮ್ಮು ಬಂದ ಅಜ್ಜಿ ಜಗಲಿಗೆ ಎದ್ದು ಹೋಗುತ್ತಾರೆ. ಮೌನವಿದ್ದಲ್ಲಿ ಏಕಾಗ್ರತೆಯು ತಾನಾಗಿಯೇ ಬಂದು ನೆಲಸುವುದೆಂಬುದು ಹಿರಿಯರ ನಂಬಿಕೆ. ಬಹುಮಂದಿಯ ವಿಷಯದಲ್ಲಿ ಇದು ನಿಜವೂ ಹೌದು.

ಆದರೆ ಈ ಮೌನದಲ್ಲಿಯೇ ಒದ್ದಾಡುವ ವಿದ್ಯಾರ್ಥಿಗಳೂ ಕೆಲವರುಂಟು. ಅವರು ಒಂದೇ ಪುಟವನ್ನು ನಾಲ್ಕು ಸಲ ಓದುತ್ತಾರೆ. ಒಂದು ವಾಕ್ಯವೂ ತಲೆಯಲ್ಲಿ ನಿಲ್ಲದು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಮನಸ್ಸು ಅತ್ತ ಓಡುತ್ತದೆ. ಕೊನೆಗೆ ಬೇಸತ್ತು, ಚಳಿಗಾಲದಲ್ಲಿಯೂ ಫ್ಯಾನನ್ನು ಪೂರ್ಣ ವೇಗದಲ್ಲಿ ತಿರುಗಿಸುತ್ತಾರೆ; ಇಲ್ಲವೆ ಮೊಬೈಲಿನಿಂದ ಮಳೆಯ ಸದ್ದನ್ನು ಕಿವಿಗೆ ತುಂಬಿಕೊಳ್ಳುತ್ತಾರೆ. ಆಗ ಓದು ಸಾಗುತ್ತದೆಂದು ಅವರು ಹೇಳುತ್ತಾರೆ. “ಓದುವವರ ಲಕ್ಷಣ ಇದಲ್ಲ” ಎಂದು ಹಿರಿಯರು ಗದರಿಸುತ್ತಾರೆ. ಇದು ಬರಿಯ ನೆಪವೆ, ಅಥವಾ ಇದರಲ್ಲಿ ಏನಾದರೂ ತಥ್ಯವುಂಟೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಅವಧಾನ ನ್ಯೂನತೆ

ಮನಸ್ಸನ್ನು ಒಂದೆಡೆ ನಿಲ್ಲಿಸುವ ಶಕ್ತಿಗೆ ಅವಧಾನವೆಂದು ಹೆಸರು. ಕೆಲವರಲ್ಲಿ ಈ ಶಕ್ತಿಯ ನಿಯಂತ್ರಣವು ಹುಟ್ಟಿನಿಂದಲೇ ಸಡಿಲವಾಗಿರುತ್ತದೆ. ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ 1798ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಇಂಥವರ ವರ್ಣನೆಯಿದೆ. ನಾಯಿ ಬೊಗಳಿದಂಥ ಸಾಮಾನ್ಯವಾದ ಸದ್ದು ಕೂಡ ಅವರನ್ನು ಕೆಲಸದಿಂದ ಎಳೆದೊಯ್ಯುವುದೆಂಬುದನ್ನು ಅವನು ಗುರುತಿಸಿದ್ದನು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಲಂಡನ್ನಿನಲ್ಲಿ ಇದೇ ಬಗೆಯ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. 1980ರಲ್ಲಿ ಅಮೆರಿಕದ ಮನೋವೈದ್ಯರು ಈ ಸ್ಥಿತಿಗೆ ‘ಅವಧಾನ ನ್ಯೂನತೆ’ ಎಂಬ ಅರ್ಥದ ಹೆಸರನ್ನಿಟ್ಟರು. 1987ರಲ್ಲಿ ಅತಿಚಟುವಟಿಕೆಯನ್ನೂ ಆ ಹೆಸರಿನೊಳಗೆ ಸೇರಿಸಿದರು. ಇಂದು ಎ.ಡಿ.ಎಚ್.ಡಿ. ಎಂದು ಕರೆಯುವುದು ಇದನ್ನೇ. ಇದು ಸೋಮಾರಿತನವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಅನೇಕರಲ್ಲಿ ಇದು ಪ್ರಾಯ ಬಂದ ಮೇಲೆಯೂ ಉಳಿಯುತ್ತದೆ.

ಕ್ರೈಟನ್ ಕಂಡುದು ಸರಿಯಾಗಿದ್ದರೆ, ಇಂಥವರಿಗೆ ಸದ್ದೇ ಶತ್ರುವಾಗಬೇಕಷ್ಟೆ? ಇಲ್ಲಿಯೇ ವಿಷಯವು ಕುತೂಹಲಕರವಾಗುವುದು. ಏಕೆಂದರೆ ಸದ್ದುಗಳೆಲ್ಲ ಒಂದೇ ಜಾತಿಯವಲ್ಲ.

ಕೆಡಿಸುವ ಸದ್ದು

ಸದ್ದಿನ ಪ್ರಬಲತೆಯನ್ನು ಡೆಸಿಬೆಲ್ಲುಗಳಲ್ಲಿ ಅಳೆಯುತ್ತೇವೆ. 10 ಡೆಸಿಬೆಲ್ ಏರಿತೆಂದರೆ ಶಬ್ದದ ತೀವ್ರತೆ 10 ಮಡಿಯಾಯಿತೆಂದರ್ಥ. ಸಾಮಾನ್ಯ ಸಂಭಾಷಣೆಯು ಸುಮಾರು 60 ಡೆಸಿಬೆಲ್. 80 ಡೆಸಿಬೆಲ್ಲಿನ ಸದ್ದು ಅದಕ್ಕಿಂತ 100 ಮಡಿ ತೀವ್ರವಾದುದು. ಆದರೆ ಓದನ್ನು ಕೆಡಿಸುವುದು ಈ ಪ್ರಮಾಣವೊಂದೇ ಅಲ್ಲ. ಸದ್ದು ಗಳಿಗೆಗಳಿಗೆಗೂ ಬದಲಾಗುತ್ತಿದೆಯೆ ಎಂಬುದೂ ಮುಖ್ಯ. 1976ರಲ್ಲಿ ಕೋಲ್ ಮತ್ತು ವೆಲ್ಷ್ ಎಂಬ ಸಂಶೋಧಕರು ಅಕ್ಷರಗಳ ಸಾಲನ್ನು ನೆನಪಿಡುವ ಕೆಲಸವನ್ನು ಕೆಲವರಿಗೆ ಕೊಟ್ಟು, ಹಿನ್ನೆಲೆಯಲ್ಲಿ ಜರ್ಮನ್ ಭಾಷೆಯ ವಾಚನವನ್ನು ಕೇಳಿಸಿದರು. ಕೇಳುವವರಿಗೆ ಆ ಭಾಷೆ ತಿಳಿಯದು. ಅದನ್ನು ಲಕ್ಷಿಸಬಾರದೆಂದು ಅವರಿಗೆ ಹೇಳಿಯೂ ಇತ್ತು. ಆದರೂ ನೆನಪು ಕೆಟ್ಟಿತು. ಅರ್ಥವಾಗದ ಮಾತೂ ಹೀಗೆ ತೊಂದರೆ ಕೊಡುವುದಾದರೆ, ಪಕ್ಕದ ಕೋಣೆಯ ಧಾರಾವಾಹಿಯ ಸಂಭಾಷಣೆಯನ್ನು ಕುರಿತು ಹೇಳಬೇಕಾದುದಿಲ್ಲ.

ಇನ್ನೊಂದು ನಿದರ್ಶನವು ನ್ಯೂಯಾರ್ಕ್ ನಗರದ್ದು. ಅಲ್ಲಿ ಒಂದು ಶಾಲೆಯ ಪಕ್ಕದಲ್ಲಿಯೇ ಎತ್ತರದ ರೈಲುಮಾರ್ಗವು ಹಾದುಹೋಗುತ್ತಿತ್ತು. ಮಾರ್ಗದ ಕಡೆಗಿದ್ದ ಕೊಠಡಿಗಳ ಮಕ್ಕಳು, ಕಟ್ಟಡದ ಇನ್ನೊಂದು ಬದಿಯ ಮಕ್ಕಳಿಗಿಂತ ಓದುವುದರಲ್ಲಿ ಹಿಂದೆ ಬಿದ್ದಿದ್ದರೆಂದು 1975ರಲ್ಲಿ ಆರ್ಲೀನ್ ಬ್ರಾನ್ಜಾಫ್ಟ್ ಮತ್ತು ಅವರ ಸಹೋದ್ಯೋಗಿ ಮೆಕಾರ್ಥಿ ತೋರಿಸಿದರು. ತರುವಾಯ ಹಳಿಗಳ ಕೆಳಗೆ ರಬ್ಬರಿನ ಮೆತ್ತೆಗಳನ್ನು ಹಾಕಿದರು. ಕೊಠಡಿಗಳ ಒಳಮಾಳಿಗೆಗೆ ಶಬ್ದವನ್ನು ಹೀರುವ ಹಲಗೆಗಳನ್ನು ಹೊದಿಸಿದರು. ಎರಡು ಬದಿಯ ಮಕ್ಕಳಲ್ಲಿದ್ದ ವ್ಯತ್ಯಾಸವು ಇಲ್ಲವಾಯಿತೆಂದು ಬ್ರಾನ್ಜಾಫ್ಟ್ 1981ರಲ್ಲಿ ವರದಿ ಮಾಡಿದರು. ನಡುನಡುವೆ ಅಪ್ಪಳಿಸುವ ಸದ್ದು ವಿದ್ಯೆಗೆ ವಿಘ್ನವೆಂಬುದರಲ್ಲಿ ಸಂದೇಹವಿಲ್ಲ.

ಬಿಳಿಯ ಗದ್ದಲ

ಈಗ ಬೇರೊಂದು ಬಗೆಯ ಸದ್ದನ್ನು ನೋಡೋಣ. ಹಳೆಯ ರೇಡಿಯೋದಲ್ಲಿ ಎರಡು ನಿಲಯಗಳ ನಡುವೆ ಮುಳ್ಳು ನಿಂತಾಗ ‘ಸ್ಸ್’ ಎಂಬ ಒಂದೇ ಸಮನಾದ ಸದ್ದು ಬರುತ್ತದೆ. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿರುವಂತೆ, ಎಲ್ಲ ಆವೃತ್ತಿಗಳೂ ಸಮಪ್ರಮಾಣದಲ್ಲಿ ಬೆರೆತ ಇಂಥ ಸದ್ದಿಗೆ ಬಿಳಿಯ ಗದ್ದಲವೆಂದು ಹೆಸರು. ಆವೃತ್ತಿ ಏರಿದಂತೆ ಶಕ್ತಿಯು ಕ್ರಮವಾಗಿ ತಗ್ಗುತ್ತ ಹೋದರೆ ಅದು ಗುಲಾಬಿ ಗದ್ದಲ. ಜಡಿಮಳೆಯ ಸದ್ದು, ಫ್ಯಾನಿನ ಸದ್ದು ಇವು ಪೂರ್ಣವಾಗಿ ಬಿಳಿಯವೂ ಅಲ್ಲ, ಗುಲಾಬಿಯವೂ ಅಲ್ಲ. ಆದರೆ ಏರಿಳಿತವಿಲ್ಲದೆ ಸಾಗುವ ಗುಣದಿಂದ ಇವುಗಳ ಬಂಧುಗಳೇ ಸರಿ. ಇವುಗಳಲ್ಲಿ ಬೆನ್ನಟ್ಟಿ ಹೋಗುವಂಥ ಮಾತೂ ಇಲ್ಲ, ರಾಗವೂ ಇಲ್ಲ. ಮೇಲಾಗಿ, ಹಲ್ಲಿಯ ಲೊಚಗುಟ್ಟುವಿಕೆಯಂಥ ಸಣ್ಣ ಸದ್ದುಗಳನ್ನು ಇವು ಮುಚ್ಚಿಹಾಕುತ್ತವೆ.

2007ರಲ್ಲಿ ಸ್ವೀಡನ್ನಿನ ಯೋರಾನ್ ಸೋಡರ್‌ಲುಂಡ್, ಸ್ವೆರ್ಕರ್ ಸಿಕ್‌ಸ್ಟ್ರೋಮ್ ಮತ್ತು ಆಂಡ್ರೂ ಸ್ಮಾರ್ಟ್ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಮಕ್ಕಳಿಗೆ ಚಿಕ್ಕಚಿಕ್ಕ ಆದೇಶವಾಕ್ಯಗಳನ್ನು ಕೇಳಿಸಿ, ಅನಂತರ ಎಷ್ಟು ನೆನಪಿವೆಯೆಂದು ಪರೀಕ್ಷಿಸಲಾಯಿತು. ಕೆಲವು ಸಲ ಮೌನದಲ್ಲಿ, ಕೆಲವು ಸಲ ಸುಮಾರು 80 ಡೆಸಿಬೆಲ್ಲಿನ ಬಿಳಿಯ ಗದ್ದಲದಲ್ಲಿ. ಅವಧಾನ ನ್ಯೂನತೆಯುಳ್ಳ ಮಕ್ಕಳು ಗದ್ದಲದಲ್ಲಿ ಹೆಚ್ಚು ನೆನಪಿಟ್ಟರು. ಉಳಿದ ಮಕ್ಕಳಿಗೆ ಅದೇ ಗದ್ದಲವು ಅಡ್ಡಿಯಾಯಿತು. ಒಬ್ಬರಿಗೆ ಮದ್ದಾದುದು ಇನ್ನೊಬ್ಬರಿಗೆ ವಿಷವಾದುದು ಹೇಗೆ?

ಹೊಸ್ತಿಲು ಮತ್ತು ದಾಳಗಳು

ಇದಕ್ಕೆ ಅವರು ಕೊಟ್ಟ ವಿವರಣೆಯು ಭೌತವಿಜ್ಞಾನದಿಂದ ಬಂದುದು. ಅದನ್ನು ನೀವು ಒಂದು ಕಾಗದ ಮತ್ತು ಕೆಲವು ದಾಳಗಳ ನೆರವಿನಿಂದ ತಿಳಿಯಬಹುದು.

ಒಂದು ಗಂಟೆಯಿದೆಯೆಂದು ಭಾವಿಸಿರಿ. ಅದನ್ನು ಮುಟ್ಟಿದ ಸಂಖ್ಯೆ 10 ಅಥವಾ ಹೆಚ್ಚಾಗಿದ್ದರೆ ಮಾತ್ರ ಅದು ಬಾರಿಸುತ್ತದೆ. ಈ 10 ಎಂಬುದೇ ಹೊಸ್ತಿಲು. ನಮ್ಮ ನರಕೋಶಗಳೂ ಇಂಥ ಹೊಸ್ತಿಲನ್ನು ದಾಟಿದ ಪ್ರಚೋದನೆಗೆ ಮಾತ್ರ ಓಗೊಡುತ್ತವೆ. ಗಂಟೆಗೆ ಎರಡು ಬಗೆಯ ಸಂಕೇತಗಳು ಬರುತ್ತವೆ: ಬಲವಾದುದು 8, ದುರ್ಬಲವಾದುದು 5. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕಾದವನಿಗೆ ಕೇಳಿಸುವುದು ಗಂಟೆಯೊಂದೇ.

ಮೊದಲು ಮೌನದ ಸ್ಥಿತಿ. 8 ಬಂದರೂ ಗಂಟೆಯಿಲ್ಲ, 5 ಬಂದರೂ ಗಂಟೆಯಿಲ್ಲ. ಯಾವುದು ಬಂದಿತೆಂಬುದು ತಿಳಿಯದು. ಈಗ ಪ್ರತಿಸಲವೂ ಒಂದು ದಾಳವನ್ನುರುಳಿಸಿ, ಬಿದ್ದ ಸಂಖ್ಯೆಯನ್ನು ಸಂಕೇತಕ್ಕೆ ಕೂಡಿಸೋಣ. ದಾಳವೇ ಗದ್ದಲ. 8ರ ಸಂಕೇತಕ್ಕೆ ದಾಳದಲ್ಲಿ 2 ಅಥವಾ ಹೆಚ್ಚು ಬಿದ್ದರೆ ಸಾಕು: 6 ಸಲದಲ್ಲಿ 5 ಸಲ ಗಂಟೆ ಬಾರಿಸುವ ಸಂಭವವುಂಟು. 5ರ ಸಂಕೇತಕ್ಕೆ 5 ಅಥವಾ 6 ಬೀಳಬೇಕು: 6ರಲ್ಲಿ 2 ಸಲ ಮಾತ್ರ. ಅರ್ಥವಿಲ್ಲದ ದಾಳವನ್ನು ಕೂಡಿಸಿದುದರಿಂದ, ಮುಚ್ಚಿಹೋಗಿದ್ದ ವ್ಯತ್ಯಾಸವು ಹೊರಬಿದ್ದಿತು!

ಹಾಗಾದರೆ ಎರಡು ದಾಳಗಳಾದರೆ ಇನ್ನೂ ಒಳ್ಳೆಯದೆ? ಲೆಕ್ಕ ಮಾಡಿ ನೋಡಿರಿ. 8ಕ್ಕೆ 36 ಸಲದಲ್ಲಿ 36 ಸಲವೂ ಗಂಟೆ. 5ಕ್ಕೆ 36ರಲ್ಲಿ 30 ಸಲ. ಒಂದು ದಾಳವಿದ್ದಾಗ ವ್ಯತ್ಯಾಸವು ಅರ್ಧದಷ್ಟಿತ್ತು. ಈಗ ಆರನೆಯ ಒಂದು ಭಾಗಕ್ಕೆ ಇಳಿಯಿತು. ಮೂರು ದಾಳಗಳಾದರೆ 216ರಲ್ಲಿ 4 ಸಲದಷ್ಟು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಗಂಟೆಯು ಎಲ್ಲದಕ್ಕೂ ಬಾರಿಸುತ್ತಲೇ ಇರುತ್ತದೆ. ಗದ್ದಲವಿಲ್ಲದಿದ್ದರೆ ಕಿವುಡು, ಅತಿಯಾದರೆ ಗೊಂದಲ. ನಡುವೆ ಎಲ್ಲಿಯೋ ಹಿತವಾದ ಒಂದು ಪ್ರಮಾಣವುಂಟು.

ಈ ವಿದ್ಯಮಾನಕ್ಕೆ ಯಾದೃಚ್ಛಿಕ ಅನುರಣನವೆನ್ನಬಹುದು. 1981ರಲ್ಲಿ ಇಟಲಿಯ ರೊಬೆರ್ಟೊ ಬೆಂಜಿ ಮತ್ತು ಸಂಗಡಿಗರು ಹಿಮಯುಗಗಳ ಆವರ್ತನೆಯನ್ನು ವಿವರಿಸಲು ಇದನ್ನು ಸೂಚಿಸಿದರು. ಭೂಕಕ್ಷೆಯಲ್ಲಿ ಸುಮಾರು 1,00,000 ವರ್ಷಗಳಿಗೊಮ್ಮೆ ಆಗುವ ಅತ್ಯಲ್ಪ ಬದಲಾವಣೆಯು ವಾಯುಗುಣದ ಯದ್ವಾತದ್ವಾ ಏರಿಳಿತಗಳ ನೆರವಿನಿಂದ ಹೊಸ್ತಿಲನ್ನು ದಾಟಬಹುದೆಂಬುದು ಅವರ ಊಹೆ. 1993ರಲ್ಲಿ ಫ್ರಾಂಕ್ ಮಾಸ್ ಮತ್ತು ಸಹೋದ್ಯೋಗಿಗಳು ಇದನ್ನು ಜೀವಿಯಲ್ಲಿಯೂ ಕಂಡರು. ಸೀಗಡಿಯನ್ನು ಹೋಲುವ ಕ್ರೇಫಿಷ್ ಎಂಬ ಸಿಹಿನೀರಿನ ಪ್ರಾಣಿಯ ಬಾಲದ ಸ್ಪರ್ಶನರಗಳು, ನೀರಿನ ಕ್ಷೀಣವಾದ ಅಲುಗಾಟವನ್ನು ತಕ್ಕಷ್ಟು ಗದ್ದಲ ಬೆರೆಸಿದಾಗ ಹೆಚ್ಚು ಚೆನ್ನಾಗಿ ಗುರುತಿಸಿದುವು.

ಮಿದುಳಿನಲ್ಲಿ ನರಕೋಶಗಳ ಸ್ವಂತ ಗದ್ದಲವು ಸದಾ ಇದ್ದೇ ಇರುತ್ತದೆ. ಸಾಮಾನ್ಯರ ಮಿದುಳಿನೊಳಗೆ ಆಗಲೇ ಒಂದು ದಾಳವು ಉರುಳುತ್ತಿದೆಯೆನ್ನೋಣ. ಹೊರಗಿನಿಂದ ಇನ್ನೊಂದನ್ನು ಸೇರಿಸಿದರೆ ಅವರಿಗೆ ನಷ್ಟವೇ. ಅವಧಾನ ನ್ಯೂನತೆಯುಳ್ಳವರಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಮಟ್ಟವು ತಗ್ಗಿರುವುದರಿಂದ ಒಳಗಿನ ಗದ್ದಲವು ಸಾಲದು. ಅವರಲ್ಲಿ ದಾಳವೇ ಇಲ್ಲ. ಹೊರಗಿನಿಂದ ಒಂದು ಬಂದರೆ ಅವರಿಗೆ ಲಾಭ. ಸಿಕ್‌ಸ್ಟ್ರೋಮ್ ಮತ್ತು ಸೋಡರ್‌ಲುಂಡರ ಸಿದ್ಧಾಂತದ ತಿರುಳು ಇದು.

ಸುಂದರವಾದುದೆಲ್ಲವೂ ಸತ್ಯವೆ?

ಇಷ್ಟು ಅಂದವಾದ ವಿವರಣೆಯನ್ನು ಕಂಡಾಗ ಭೌತವಿಜ್ಞಾನದ ಅಭ್ಯಾಸಿಗಳಾದ ನಮಗೆ ಹಿಗ್ಗುವಾಗುವುದು ಸಹಜ. ಆದರೆ ದಾಳದ ಲೆಕ್ಕವು ಸರಿಯೆಂಬುದರಿಂದಲೇ ಮಿದುಳು ಹಾಗೆ ನಡೆಯುತ್ತದೆಂದು ಸಿದ್ಧವಾಗದು. 2024ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಗುಲಾಬಿ ಗದ್ದಲದ ಜೊತೆಗೆ, ಒಂದೇ ಆವೃತ್ತಿಯ ಶುದ್ಧಸ್ವರವನ್ನೂ ಪರೀಕ್ಷಿಸಿದರು. ಅದರಲ್ಲಿ ದಾಳದಂಥ ಅನಿಶ್ಚಿತತೆ ಏನೂ ಇಲ್ಲ. ಆದರೂ ಅವಧಾನ ನ್ಯೂನತೆಯ ಲಕ್ಷಣಗಳು ಹೆಚ್ಚಾಗಿದ್ದವರಿಗೆ ಅದರಿಂದಲೂ ಸಹಾಯವಾದಂತೆ ಕಂಡಿತು. ಹಾಗಾದರೆ ಕೆಲಸ ಮಾಡಿದುದು ಯಾದೃಚ್ಛಿಕ ಅನುರಣನವೇ ಆಗಿರಬೇಕಾಗಿಲ್ಲ. ಮಂಕಾಗಿದ್ದ ಮಿದುಳನ್ನು ಎಡೆಬಿಡದ ಸದ್ದು ತುಸು ಎಚ್ಚರಗೊಳಿಸಿರಲೂಬಹುದು. ಫಲವು ನಿಜವಾಗಿದ್ದು, ಕಾರಣವು ಮಾತ್ರ ಇನ್ನೂ ಚರ್ಚೆಯಲ್ಲಿರುವುದು ವಿಜ್ಞಾನದಲ್ಲಿ ಹೊಸದೇನಲ್ಲ.

ಫಲದ ಪ್ರಮಾಣವನ್ನೂ ತಿಳಿದಿರಬೇಕು. ಅದೇ 2024ರಲ್ಲಿ ಅಮೆರಿಕದ ಜೋಯೆಲ್ ನಿಗ್ ಮತ್ತು ಸಂಗಡಿಗರು 13 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದರು. ಅವಧಾನ ನ್ಯೂನತೆಯುಳ್ಳವರಿಗೆ ಬಿಳಿಯ ಮತ್ತು ಗುಲಾಬಿ ಗದ್ದಲಗಳಿಂದ ಪ್ರಯೋಜನವುಂಟು, ಆದರೆ ಅದು ಅಲ್ಪ. ಇತರರಿಗೆ ಅಲ್ಪವಾದ ಹಾನಿ. ಈಚೆಗೆ ಬಹು ಪ್ರಚಾರದಲ್ಲಿರುವ ‘ಕಂದು ಗದ್ದಲ’ವನ್ನು ಪರೀಕ್ಷಿಸಿದ ಒಂದು ಅಧ್ಯಯನವೂ ಅವರಿಗೆ ದೊರೆಯಲಿಲ್ಲ.

ಕಿವಿಯ ಕ್ಷೇಮವೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಮಾನದಂಡದಂತೆ, ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ಲನ್ನೂ, ಮಕ್ಕಳು 75 ಡೆಸಿಬೆಲ್ಲನ್ನೂ ಮೀರಬಾರದು. ಪ್ರಯೋಗಶಾಲೆಯಲ್ಲಿ ಅಲ್ಪಕಾಲ ಬಳಸಿದ 80 ಡೆಸಿಬೆಲ್ಲನ್ನು ದಿನವೆಲ್ಲ ಕಿವಿಗೆ ಸುರಿದುಕೊಳ್ಳುವುದು ಸಲ್ಲದು.

ನೀವೇ ಪರೀಕ್ಷಿಸಿರಿ

ಮನಸ್ಸಿಗೆ ಹಿತವೆನಿಸಿದುದೆಲ್ಲ ಓದಿಗೂ ಹಿತವೆಂದು ನಂಬಬೇಡಿರಿ, ಅಳೆದು ನೋಡಿರಿ. ಒಂದೇ ಉದ್ದದ, ಒಂದೇ ಕಷ್ಟದ ಹನ್ನೆರಡು ಪಾಠಭಾಗಗಳನ್ನು ಆರಿಸಿಕೊಳ್ಳಿರಿ. ಒಂದು ದಿನ ಮೌನದಲ್ಲಿ, ಮರುದಿನ ಸಂಭಾಷಣೆಗಿಂತ ತಗ್ಗಿದ ಮಟ್ಟದ ಸಮನಾದ ಗದ್ದಲದಲ್ಲಿ, ಹೀಗೆ ಸರದಿಯಂತೆ ಒಂದೇ ಹೊತ್ತಿನಲ್ಲಿ ಓದಿರಿ. ಪುಸ್ತಕ ಮುಚ್ಚಿದ ಮೇಲೆ ಗೆಳೆಯರೊಬ್ಬರಿಂದ ಹತ್ತು ಪ್ರಶ್ನೆಗಳನ್ನು ಕೇಳಿಸಿಕೊಂಡು, ಸರಿಯುತ್ತರಗಳನ್ನು ಬರೆದಿಡಿರಿ. ಓದು ಹೇಗೆ ಸಾಗಿತೆಂಬ ಅನಿಸಿಕೆಯನ್ನು ಬರೆಯಬೇಡಿರಿ, ಅಂಕಗಳನ್ನು ಬರೆಯಿರಿ. ಹನ್ನೆರಡು ದಿನಗಳ ಕೊನೆಗೆ ಎರಡು ಸಾಲುಗಳನ್ನೂ ಹೋಲಿಸಿರಿ. ಇದರಿಂದ ರೋಗನಿರ್ಣಯವಾಗದೆಂಬುದು ನೆನಪಿರಲಿ. ಗಮನದ ತೊಂದರೆಯು ಬಾಲ್ಯದಿಂದಲೂ ಇದ್ದು, ಮನೆಯಲ್ಲಿಯೂ ಶಾಲೆಯಲ್ಲಿಯೂ ಬಾಧಿಸುತ್ತಿದ್ದರೆ ಮನೋವೈದ್ಯರನ್ನು ಕಾಣತಕ್ಕದ್ದು. ಅದಕ್ಕೆ ಗದ್ದಲಕ್ಕಿಂತ ಬಹಳ ಸಮರ್ಥವಾದ ಚಿಕಿತ್ಸೆಗಳುಂಟು.

ಹಿರಿಯರಲ್ಲಿಯೂ ಒಂದು ಬಿನ್ನಹವುಂಟು. ಫ್ಯಾನ್ ತಿರುಗಿಸಿಕೊಂಡು ಓದುವ ಹುಡುಗಿಯನ್ನು ಗದರಿಸುವ ಮೊದಲು ಅವಳ ಹನ್ನೆರಡು ದಿನಗಳ ಅಂಕಗಳನ್ನು ಕೇಳಿ ನೋಡಿರಿ. ಅವಳ ತಮ್ಮನಿಗೆ ಮೌನವೇ ಬೇಕಾಗಿದ್ದರೆ ಅವನಿಗೆ ಬೇರೆ ಮೂಲೆಯನ್ನು ಕೊಡಿರಿ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ಅಳತೆಯ ಅಂಗಿಯನ್ನು ಯಾರೂ ಹೊಲಿಸುವುದಿಲ್ಲ. ಮೌನವನ್ನು ಮಾತ್ರ ಒಂದೇ ಅಳತೆಯಲ್ಲಿ ಏಕೆ ತೊಡಿಸಬೇಕು?