ಪಾದಯಾತ್ರೆಯ ಹೆಗಲುಹೊರೆ: ಚೀಲದ ಆಯ್ಕೆಯೂ ಬೆನ್ನಿನ ಆರೋಗ್ಯವೂ

ಶಿವರಾತ್ರಿ ಕಳೆದು ಫಾಲ್ಗುಣವು ಕಾಲಿಟ್ಟಿತೆಂದರೆ ಉತ್ತರ ಕರ್ನಾಟಕದ ಊರೂರುಗಳಲ್ಲಿ ಶ್ರೀಶೈಲದ ಹಾದಿಯ ಮಾತು ಆರಂಭವಾಗುತ್ತದೆ. ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಸನ್ನಿಧಿಯನ್ನು ಸೇರಬೇಕೆಂಬ ಸಂಕಲ್ಪದಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಜಿಲ್ಲೆಗಳ ಸಹಸ್ರಾರು ಸದ್ಭಕ್ತರು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಪಾದಗಳ ಆರೈಕೆ, ಬಿಸಿಲಿನ ಬಾಧೆ, ಕುಡಿಯುವ ನೀರು ಇವುಗಳ ಕುರಿತು ಈಗ ಹಳ್ಳಿಗಳಲ್ಲಿಯೂ ತಕ್ಕಷ್ಟು ತಿಳಿವಳಿಕೆಯಿದೆ. ಹೆಗಲ ಮೇಲಿನ ಚೀಲದ ವಿಷಯದಲ್ಲಿ ಮಾತ್ರ ಆ ಎಚ್ಚರ ಕಾಣುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಮೊಮ್ಮಗನ ಹಳೆಯ ಶಾಲಾಚೀಲವನ್ನೋ, ಬಟ್ಟೆ ಅಂಗಡಿಯವರು ಕೊಟ್ಟ ಕೈಚೀಲವನ್ನೋ ಹುಡುಕಿ ತುಂಬಿಕೊಳ್ಳುವುದೇ ರೂಢಿಯಾಗಿದೆ. ಮೂರನೆಯ ದಿನಕ್ಕೆ ಕುತ್ತಿಗೆ ಬಿಗಿಯುತ್ತದೆ, ಐದನೆಯ ದಿನಕ್ಕೆ ಕೈಬೆರಳುಗಳು ಜುಮುಗುಟ್ಟುತ್ತವೆ. ಕಾಲುಗಳು ಗಟ್ಟಿಯಾಗಿಯೇ ಇದ್ದರೂ ಬೆನ್ನು ಸೋತ ಕಾರಣದಿಂದ ಅರ್ಧದಾರಿಯಲ್ಲಿ ಬಸ್ಸು ಹತ್ತಬೇಕಾದ ಯಾತ್ರಿಕರು ಪ್ರತಿವರ್ಷವೂ ಇರುತ್ತಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಚೀಲವನ್ನೇ ಅಭ್ಯಾಸದ ವಿಷಯವಾಗಿ ಎತ್ತಿಕೊಂಡಿದ್ದೇವೆ.

ಮೊದಲು ಶರೀರದ ವಿಚಾರ. ಮನುಷ್ಯನ ಬೆನ್ನುಹುರಿಯನ್ನು ಹೊತ್ತಿರುವ ಬೆನ್ನೆಲುಬು ನೆಟ್ಟಗೆ ನಿಂತ ಕಂಬವಲ್ಲ. ಅದಕ್ಕೆ ಸಹಜವಾದ ಬಾಗುಗಳಿವೆ, ಮಣಿಮಣಿಗಳ ನಡುವೆ ಮೆತ್ತೆಗಳಿವೆ. ಹಿಂದೆ ಭಾರ ಬಿದ್ದೊಡನೆ ದೇಹವು ತೂಕವನ್ನು ಸರಿದೂಗಿಸಲೆಂದು ಮುಂದಕ್ಕೆ ಬಾಗುತ್ತದೆ. ತಲೆಯು ಎದೆಗಿಂತ ಮುಂದೆ ಚಾಚುತ್ತದೆ. ಆ ಭಂಗಿಯನ್ನು ಹಿಡಿದಿಡುವ ಕೆಲಸವು ಕುತ್ತಿಗೆ ಮತ್ತು ಸೊಂಟದ ಸ್ನಾಯುಗಳ ಪಾಲಿಗೆ ಬರುತ್ತದೆ. ಒಂದೇ ಹೆಗಲಿಗೆ ಚೀಲವನ್ನು ತೂಗಹಾಕಿದಾಗ ಪರಿಸ್ಥಿತಿ ಇನ್ನೂ ಕೆಡುತ್ತದೆ. ಚೀಲವಿರುವ ಹೆಗಲು ಮೇಲೇರುತ್ತದೆ, ಮುಂಡವು ಎದುರು ಬದಿಗೆ ವಾಲುತ್ತದೆ, ಆ ಬದಿಯ ಸೊಂಟದ ಸ್ನಾಯುಗಳು ಬಿಡುವಿಲ್ಲದೆ ಎಳೆಯುತ್ತಿರುತ್ತವೆ. ಜಂಗಮರ ಜೋಳಿಗೆಯನ್ನು ಕಂಡು ಬೆಳೆದ ನಮಗೆ ಒಂದು ಹೆಗಲಿನ ಚೀಲವು ಸಹಜವೆನಿಸುವುದುಂಟು. ಆದರೆ ಜೋಳಿಗೆಯು ಮನೆಯಿಂದ ಮನೆಗೆ ನಡೆದು ಹಿಡಿ ಹಿಡಿಯಾಗಿ ತುಂಬಿಕೊಳ್ಳುವ ಸಾಧನ. ದಿನಕ್ಕೆ ಇಪ್ಪತ್ತೈದು, ಮೂವತ್ತು ಕಿಲೋಮೀಟರು ನಡೆಯುವವರ ಹಾಸಿಗೆ, ನೀರು, ಬಟ್ಟೆಗಳನ್ನು ಹೊರಲು ಅದು ಹುಟ್ಟಿದ್ದಲ್ಲ.

ಇನ್ನು ಬೆರಳುಗಳ ಜುಮುಗುಡುವಿಕೆ. ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಕುತ್ತಿಗೆಯಿಂದ ಇಳಿದು ಕೊರಳೆಲುಬಿನ ಕೆಳಗೆ ಹಾದು ತೋಳಿಗೆ ಸಾಗುತ್ತವೆ. ಸಣ್ಣದಾದ, ಒಳಮೆತ್ತೆಯಿಲ್ಲದ ಪಟ್ಟಿಯು ಅದೇ ಜಾಗದಲ್ಲಿ ಗಂಟೆಗಟ್ಟಲೆ ಒತ್ತಿದರೆ ಕೈ ಮರಗಟ್ಟುತ್ತದೆ. ಹೆಚ್ಚು ದಿನ ಅಲಕ್ಷಿಸಿದರೆ ತೋಳನ್ನು ಮೇಲೆತ್ತುವ ಶಕ್ತಿಯೇ ಕುಂದಬಹುದು. ಭಾರ ಹೊತ್ತು ದೂರ ನಡೆಯುವ ಸೈನಿಕರಲ್ಲಿಯೂ ಚಾರಣಿಗರಲ್ಲಿಯೂ ಈ ತೊಂದರೆಯನ್ನು ವೈದ್ಯರು ಬಹುಕಾಲದಿಂದ ಗುರುತಿಸಿದ್ದಾರೆ. ಚೀಲ ಇಳಿಸಿದ ಸ್ವಲ್ಪ ಹೊತ್ತಿಗೆ ಜುಮು ಇಳಿದರೆ ಪಟ್ಟಿಯನ್ನು ಸರಿಪಡಿಸಿದರೆ ಸಾಕು. ವಿಶ್ರಾಂತಿಯ ನಂತರವೂ ಕೈಯಲ್ಲಿ ಬಲ ಮರಳದಿದ್ದರೆ ಚೀಲವನ್ನು ಮತ್ತೆ ಏರಿಸಕೂಡದು, ವೈದ್ಯರಿಗೆ ತೋರಿಸಬೇಕು. ಹಾಗೆಯೇ ಎದೆನೋವಿನೊಡನೆ ಎಡಗೈ ಸೆಳೆದರೆ ಅದನ್ನು ಚೀಲದ ಮೇಲೆ ಹೊರಿಸಿ ಸುಮ್ಮನಿರುವುದು ಸಲ್ಲದು.

ಎಷ್ಟು ಭಾರ ಸಲ್ಲುತ್ತದೆ? ನಮ್ಮ ದೇಶದ 2020ರ ಶಾಲಾಚೀಲ ನೀತಿಯು ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಚೀಲದ ಭಾರದ ಮೇರೆಯೆಂದು ಹೇಳುತ್ತದೆ. ರೂಢಿಯಿರುವ ಗಟ್ಟಿಮುಟ್ಟಾದ ಚಾರಣಿಗರು ಐದನೆಯ ಒಂದು ಭಾಗದವರೆಗೂ ಹೊರುತ್ತಾರೆ. ವರ್ಷಕ್ಕೊಮ್ಮೆ ದೀರ್ಘವಾಗಿ ನಡೆಯುವ, ಐವತ್ತು ದಾಟಿದ ಯಾತ್ರಿಕರು ಮಕ್ಕಳ ಲೆಕ್ಕವನ್ನೇ ತಮಗೂ ಅನ್ವಯಿಸಿಕೊಳ್ಳುವುದು ಕ್ಷೇಮವೆಂಬುದು ನಮ್ಮ ಅಭಿಪ್ರಾಯ. ಅರವತ್ತು ಕಿಲೋ ತೂಗುವವರಿಗೆ ಆರು ಕಿಲೋ. ಕೇಳಲು ಸಾಕಷ್ಟೆನಿಸಿದರೂ ಅದು ಬೇಗನೆ ತುಂಬುತ್ತದೆ. ಎರಡು ಲೀಟರು ನೀರೆಂದರೆ ಎರಡು ಕಿಲೋ. ಹೊದಿಕೆಗೆ ಒಂದು ಕಿಲೋ. ಎರಡು ಜೊತೆ ಬಟ್ಟೆ, ಒಂದು ಟವೆಲ್ಲು ಸೇರಿ ಇನ್ನೊಂದು ಕಿಲೋ. ಪೂಜಾಸಾಮಗ್ರಿ ಮತ್ತು ಔಷಧಿಗಳಿಗೆ ಅರ್ಧ, ಬುತ್ತಿಗೆ ಅರ್ಧ. ಉಳಿದದ್ದು ಒಂದೇ ಕಿಲೋ, ಅದು ಚೀಲದ್ದೇ ತೂಕ. ಅಂಗಡಿಯಲ್ಲಿ ಬಹಳ ಭದ್ರವೆಂದು ತೋರುವ ಎಷ್ಟೋ ಚೀಲಗಳು ಬರಿದಾಗಿಯೇ ಎರಡು ಕಿಲೋ ತೂಗುತ್ತವೆ. ಆದುದರಿಂದ ಖಾಲಿ ಚೀಲವನ್ನು ತಕ್ಕಡಿಯ ಮೇಲಿಡಿಸಿ ನೋಡಲು ಸಂಕೋಚಪಡಬೇಕಾಗಿಲ್ಲ.

ಗಾತ್ರವನ್ನು ಲೀಟರುಗಳಲ್ಲಿ ಹೇಳುವುದು ವಾಡಿಕೆ. ಚೀಲದೊಳಗೆ ಎಷ್ಟು ಜಾಗವಿದೆಯೆಂಬುದಕ್ಕೆ ಅದು ಅಳತೆಯೇ ಹೊರತು ಎಷ್ಟು ಭಾರ ತಡೆಯುತ್ತದೆಯೆಂಬುದಕ್ಕಲ್ಲ. ಮೇಲಿನ ಲೆಕ್ಕದ ಸಾಮಾನಿಗೆ ಇಪ್ಪತ್ತೈದರಿಂದ ಮೂವತ್ತೈದು ಲೀಟರಿನ ಚೀಲ ಸಾಲುತ್ತದೆ. ದೊಡ್ಡದನ್ನು ಕೊಂಡರೆ ಜಾಗ ಖಾಲಿಯಿದೆಯೆಂದು ಮನೆಯವರು ಇನ್ನೆರಡು ಡಬ್ಬಿ ಚಕ್ಕುಲಿ, ಶೇಂಗಾ ಹೋಳಿಗೆ ತುರುಕದೆ ಬಿಡುವುದಿಲ್ಲ. ದಾರಿಯುದ್ದಕ್ಕೂ ದಾಸೋಹ ನಡೆಯುವ ಯಾತ್ರೆಗೆ ಅಷ್ಟು ಬುತ್ತಿ ಬೇಕಾಗಿಯೂ ಇಲ್ಲ.

ಹೆಗಲಿಗೊಂದು, ಗಾಡಿಗೊಂದು

ಈಚಿನ ವರ್ಷಗಳಲ್ಲಿ ಅನೇಕ ತಂಡಗಳು ಜೊತೆಗೆ ಟ್ರ್ಯಾಕ್ಟರನ್ನೋ ಟೆಂಪೋವನ್ನೋ ಕರೆದೊಯ್ಯುತ್ತವೆ. ಇಂಥವರಿಗೆ ಎರಡು ಚೀಲಗಳ ಏರ್ಪಾಡು ಉತ್ತಮ. ಹಾಸಿಗೆ ಬಟ್ಟೆಗಳಿಗೆ ಉರುಳೆಯಾಕಾರದ ಡಫಲ್ ಚೀಲ, ಅದು ಗಾಡಿಯಲ್ಲಿರಲಿ. ನೀರು, ಔಷಧಿ, ಪೂಜಾಸಾಮಗ್ರಿಗಳಿಗೆ ಬೆನ್ನಿನ ಸಣ್ಣ ಚೀಲ. ಡಫಲ್ ಚೀಲಕ್ಕೆ ಮೆತ್ತೆಯ ಪಟ್ಟಿಗಳು ಬೇಕಿಲ್ಲ. ಆದರೆ ದಿನಕ್ಕೆರಡು ಸಲ ಎಸೆತ, ಎಳೆತಗಳನ್ನು ಅದು ತಾಳಬೇಕು. ಹಿಡಿಪಟ್ಟಿಯು ಚೀಲದ ಬಾಯಂಚಿನಲ್ಲಿಯೇ ಮುಗಿಯದೆ ಹೊಟ್ಟೆಯ ಕೆಳಗೂ ಸುತ್ತಿಬಂದಿದ್ದರೆ ಭಾರವು ಹೊಲಿಗೆಯ ಮೇಲೆ ಬೀಳದೆ ಪಟ್ಟಿಯ ಮೇಲೆ ಬೀಳುತ್ತದೆ. ನೂರು ಚೀಲಗಳ ನಡುವೆ ನಮ್ಮದನ್ನು ಗುರುತಿಸಲು ಹಿಡಿಕೆಗೆ ಒಂದು ಬಣ್ಣದ ಬಟ್ಟೆ ಕಟ್ಟಿರಬೇಕು. ಇಲ್ಲವಾದರೆ ರಾತ್ರಿ ಹತ್ತರ ಹೊತ್ತಿಗೆ ಹುಡುಕಾಟ ತಪ್ಪಿದ್ದಲ್ಲ.

ಗಾಡಿಯ ಆಸರೆ ಎಲ್ಲಿಯವರೆಗೂ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು. ಆತ್ಮಕೂರು ದಾಟಿ ನಲ್ಲಮಲ ಅರಣ್ಯದ ಕಾಲುದಾರಿ ಹಿಡಿದ ಮೇಲೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳನ್ನು ಹಾದು ಕೈಲಾಸದ್ವಾರವನ್ನೇರುವವರೆಗೆ ನಮಗೆ ಬೇಕಾದದ್ದನ್ನು ನಾವೇ ಹೊರಬೇಕು. ಕಲ್ಲುಮೆಟ್ಟಿಲುಗಳ ಇಳಿತ, ಮತ್ತೆ ಏರು, ಮೇಲೆ ಚೈತ್ರದ ಬಿಸಿಲು. ಚೀಲದ ಗುಣ ದೋಷಗಳೆಲ್ಲ ಬೆಳಕಿಗೆ ಬರುವುದು ಇಲ್ಲಿಯೇ. ಇಳಿಯುವಾಗ ಚೀಲ ಸಡಿಲವಾಗಿ ಬೆನ್ನಿನ ಮೇಲೆ ಕುಣಿದರೆ ಒಂದೊಂದು ಹೆಜ್ಜೆಗೂ ಅದು ದೇಹವನ್ನು ಮುಂದಕ್ಕೆ ದೂಡುತ್ತದೆ, ಮೊಣಕಾಲಿಗೆ ಪೆಟ್ಟು ಬೀಳುತ್ತದೆ, ವಯಸ್ಸಾದವರು ಮುಗ್ಗರಿಸುತ್ತಾರೆ. ಸೊಂಟಪಟ್ಟಿಯುಳ್ಳ ಚೀಲವನ್ನು ನಾವು ಒತ್ತಿ ಶಿಫಾರಸು ಮಾಡುವುದು ಈ ಕಾರಣಕ್ಕಾಗಿಯೇ. ಆ ಪಟ್ಟಿಯು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಏಣಿನ ಮೇಲೆ ಕುಳಿತಿರಬೇಕು. ಸರಿಯಾಗಿ ಬಿಗಿದಾಗ ಭಾರದ ಹೆಚ್ಚು ಪಾಲು ಹೆಗಲಿನಿಂದ ಇಳಿದು ಸೊಂಟದ ಮೂಲಕ ಕಾಲುಗಳಿಗೆ ಹೋಗುತ್ತದೆ. ಚೀಲಗಳಿಗೆ ಜೋತುಬಿಟ್ಟಿರುವ ತೆಳ್ಳನೆಯ ದಾರದಂಥ ಪಟ್ಟಿಗಳು ಚೀಲ ಅಲುಗದಂತೆ ಹಿಡಿಯುತ್ತವೆಯೇ ಹೊರತು ಭಾರ ಹೊರುವುದಿಲ್ಲ. ಅಂಗೈಯಗಲದ, ಮೆತ್ತೆಯಿರುವ ಪಟ್ಟಿಯನ್ನೇ ಕೇಳಿ ಪಡೆಯಬೇಕು.

ಚೀಲದ ಎತ್ತರವೂ ಬೆನ್ನಿಗೆ ತಕ್ಕಂತಿರಬೇಕು. ತಲೆ ಬಾಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬಿ ತೋರುವ ಮಣಿಯಿಂದ ಸೊಂಟದ ಏಣಿನ ಮಟ್ಟದವರೆಗೆ ಟೇಪಿನಲ್ಲಿ ಅಳೆದರೆ ಬೆನ್ನಿನ ಉದ್ದ ತಿಳಿಯುತ್ತದೆ. ಆಳಿನ ಎತ್ತರವನ್ನು ನೋಡಿ ಚೀಲ ಕೊಡುವ ಪದ್ಧತಿ ಸರಿಯಲ್ಲ; ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಬೆನ್ನು ಉದ್ದ, ಇನ್ನೊಬ್ಬರಿಗೆ ಕಾಲು ಉದ್ದವಿರಬಹುದು. ತಾಯಂದಿರು ಗಂಡಸರ ಚೀಲವನ್ನು ಹೊತ್ತಾಗ ಸೊಂಟಪಟ್ಟಿಯು ತೊಡೆಯ ಮೇಲಕ್ಕೆ ಬೀಳುವುದಕ್ಕೆ ಇದೇ ಕಾರಣ.

ಇಷ್ಟಲಿಂಗಧಾರಿಗಳು ಗಮನಿಸಬೇಕಾದ, ಯಾವ ಅಂಗಡಿಯವನೂ ಹೇಳದ ಸಂಗತಿಯೊಂದಿದೆ. ಹಲವು ಚೀಲಗಳಲ್ಲಿ ಎರಡು ಹೆಗಲುಪಟ್ಟಿಗಳನ್ನು ಕೂಡಿಸುವ ಎದೆಪಟ್ಟಿಯೊಂದಿರುತ್ತದೆ. ಅದನ್ನು ಬಿಗಿದಾಗ ಎದೆಯ ಮೇಲಿನ ಕರಡಿಗೆಯ ಮೇಲೆಯೇ ಬಂದು ಕೂರುತ್ತದೆ, ಬೆವರಿನಲ್ಲಿ ದಿನವಿಡೀ ಉಜ್ಜಿ ಚರ್ಮ ಸುಲಿಯುತ್ತದೆ. ಶಿವದಾರವು ಹೆಗಲುಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಂಡರೆ ಕುತ್ತಿಗೆಯ ಬದಿಯಲ್ಲಿ ಗೀರುಗಾಯವಾಗುವುದಲ್ಲದೆ ದಾರವೂ ಸವೆಯುತ್ತದೆ. ಸವೆದ ದಾರ ಕಾಡಿನ ನಡುವೆ ತುಂಡಾದರೆ ಭಕ್ತನಿಗೆ ಆಗುವ ತಲ್ಲಣವನ್ನು ವಿವರಿಸಬೇಕಾಗಿಲ್ಲ. ಎದೆಪಟ್ಟಿಯು ಮೇಲೆ ಕೆಳಗೆ ಜರುಗುವಂತಿರುವ ಚೀಲವನ್ನು ಆರಿಸಿ, ಅದನ್ನು ಕೊರಳೆಲುಬಿನಿಂದ ನಾಲ್ಕು ಬೆರಳು ಕೆಳಗೆ, ಕರಡಿಗೆಗಿಂತ ಮೇಲೆ ಇರಿಸಿಕೊಳ್ಳಬೇಕು. ಮೊದಲು ಚೀಲವನ್ನು ಏರಿಸಿ, ಪಟ್ಟಿಗಳನ್ನು ಬಿಗಿದು, ಆ ಬಳಿಕ ಶಿವದಾರವನ್ನು ಪಟ್ಟಿಯ ಒಳಗಿನಿಂದ ಬಿಡಿಸಿಕೊಳ್ಳುವ ರೂಢಿ ಮಾಡಿಕೊಂಡರೆ ಈ ತೊಡಕು ತಪ್ಪುತ್ತದೆ. ಹೊರಡುವ ಮುನ್ನ ಹೊಸ ಶಿವದಾರ ಧರಿಸುವುದೂ, ಇನ್ನೊಂದನ್ನು ಚೀಲದಲ್ಲಿ ಇಟ್ಟಿರುವುದೂ ಲೇಸು.

ಕಂಬಿ ಹೊರುವವರ ಮಾತು ಬೇರೆ. ಹೆಗಲ ಮೇಲೆ ಕಂಬಿಯಿರುವಾಗ ಬೆನ್ನಿಗೆ ಚೀಲವಿರಲೇಬಾರದು. ಅವರ ಸಾಮಾನನ್ನು ಸಂಗಡಿಗರು ಹಂಚಿಕೊಂಡು ಹೊರುವುದು ಧರ್ಮ.

ಬಾಳಿಕೆಯ ಪರೀಕ್ಷೆ

ಚೀಲದ ಚೀಟಿಯ ಮೇಲೆ 600 ಡೆನಿಯರ್, 1000 ಡೆನಿಯರ್ ಎಂಬ ಸಂಖ್ಯೆಗಳನ್ನು ಕಾಣುತ್ತೇವೆ. ಒಂಬತ್ತು ಸಾವಿರ ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಆ ನೂಲಿನ ಡೆನಿಯರ್. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ, ಬಟ್ಟೆ ಭಾರ. ಸಂಖ್ಯೆಯೊಂದರಿಂದಲೇ ಬಾಳಿಕೆ ನಿರ್ಣಯವಾಗುವುದಿಲ್ಲ. ಅದೇ ದಪ್ಪದ ನೂಲಿನಲ್ಲಿ ಪಾಲಿಯೆಸ್ಟರಿಗಿಂತ ನೈಲಾನು ಉಜ್ಜಾಟವನ್ನು ಹೆಚ್ಚು ತಡೆಯುತ್ತದೆ. ಬೆನ್ನಿನ ಚೀಲಕ್ಕೆ 400ರಿಂದ 600ರವರೆಗೆ ಸಾಕು. ಗಾಡಿಯ ಚೀಲಕ್ಕೆ 1000 ಇದ್ದರೂ ನಷ್ಟವಿಲ್ಲ. ಹತ್ತಿಯ ದಪ್ಪ ಕ್ಯಾನ್ವಾಸು ಗಟ್ಟಿಯೇ. ಆದರೆ ತಾನೇ ಭಾರ, ತೊಯ್ದರೆ ಇನ್ನೂ ಭಾರ, ಬೇಗ ಒಣಗುವುದಿಲ್ಲ. ರೆಗ್ಜಿನ್ನು ಬಿಸಿಲಿಗೆ ಬಿರಿಯುತ್ತದೆ.

ವಾಸ್ತವದಲ್ಲಿ ಚೀಲದ ಬಟ್ಟೆ ಹರಿಯುವುದು ಅಪರೂಪ. ಬಿಚ್ಚುವುದು ಹೊಲಿಗೆ, ಕೆಡುವುದು ಜಿಪ್ಪು. ಆದ್ದರಿಂದ ಚೀಲವನ್ನು ಒಳಮೈ ಹೊರಗಾಗಿ ತಿರುವಿ ನೋಡಬೇಕು. ಬಟ್ಟೆಯ ಅಂಚುಗಳು ನೂಲು ಬಿಟ್ಟುಕೊಂಡಿರದೆ ಪಟ್ಟಿಯಿಂದ ಮುಚ್ಚಿ ಹೊಲಿದಿರಬೇಕು. ಹೆಗಲುಪಟ್ಟಿಯು ಚೀಲಕ್ಕೆ ಸೇರುವಲ್ಲಿ ಚೌಕದೊಳಗೆ ಗುಣಾಕಾರ ಚಿಹ್ನೆಯಂತೆ ಹಾಕಿದ ಹೊಲಿಗೆಯಿದ್ದರೆ ಭಾರವು ನಾಲ್ಕೂ ಕಡೆಗೆ ಹಂಚಿಹೋಗುತ್ತದೆ. ಜಿಪ್ಪಿನ ಹಲ್ಲುಗಳ ಅಗಲವನ್ನು ಸಂಖ್ಯೆಯಿಂದ ಹೇಳುತ್ತಾರೆ. ದೊಡ್ಡ ಬಾಯಿಗೆ 8 ಅಥವಾ 10ನೆಯ ಸಂಖ್ಯೆಯದು ಇರಲಿ. ಸುರುಳಿ ನೈಲಾನಿನ ಜಿಪ್ಪಿಗೆ ತುಕ್ಕಿನ ಭಯವಿಲ್ಲ, ತಿರುವುಗಳಲ್ಲಿ ಸಲೀಸಾಗಿ ಸರಿಯುತ್ತದೆ. ಜಿಪ್ಪು ಹಾಕಿದ ಮೇಲೂ ಹಲ್ಲು ಬಿಡುತ್ತಿದ್ದರೆ ಬಹುಪಾಲು ಕೆಟ್ಟಿರುವುದು ಹಲ್ಲಲ್ಲ, ಸವೆದ ಎಳೆಗುಂಡಿ. ಕೆಲವೇ ರೂಪಾಯಿಗಳಲ್ಲಿ ಅದನ್ನು ಬದಲಿಸಿಕೊಡುವ ಕಾಯಕಜೀವಿಗಳು ಪ್ರತಿ ಊರ ಸಂತೆಯಲ್ಲಿ, ಬಸ್‌ನಿಲ್ದಾಣದ ಬಳಿಯಲ್ಲಿ ಇದ್ದಾರೆ. ಹರಳಯ್ಯ ಶರಣರ ಕಾಯಕವನ್ನು ಮುಂದುವರಿಸಿರುವ ಆ ಬಂಧುಗಳ ಕೈಗೆ ರಿಪೇರಿಗೆ ಸಿಗುವಂಥ ಸರಳ ರಚನೆಯ ಚೀಲವನ್ನೇ ನಾವು ಮೆಚ್ಚುತ್ತೇವೆ. ಹತ್ತು ಜೇಬು, ಇಪ್ಪತ್ತು ಕೊಂಡಿಗಳ ಚೀಲದಲ್ಲಿ ಕೆಡುವ ಜಾಗಗಳೂ ಅಷ್ಟೇ.

ನೀರು ತಡೆಯುತ್ತದೆಂಬ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಬಟ್ಟೆ ತಡೆದರೂ ಹೊಲಿಗೆಯ ತೂತು, ಜಿಪ್ಪಿನ ಸಂದುಗಳಲ್ಲಿ ನೀರು ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಸಿ ಅದರಲ್ಲಿ ಬಟ್ಟೆ ತುಂಬಿದರೆ ಅಕಾಲದ ಮಳೆಗೂ, ಸೋರುವ ನೀರಿನ ಬಾಟಲಿಗೂ ಅದೇ ಪರಿಹಾರ.

ತುಂಬುವ ಕ್ರಮವೂ ಆರೋಗ್ಯದ ವಿಷಯವೇ. ಹೊದಿಕೆ ತಳದಲ್ಲಿ, ನೀರು ಮೊದಲಾದ ಭಾರದ ಸಾಮಾನು ಬೆನ್ನಿಗೆ ಅಂಟಿದಂತೆ, ನಡುಭಾಗದಲ್ಲಿ, ಹಗುರವಾದದ್ದು ಹೊರಮಗ್ಗುಲಲ್ಲಿ. ಭಾರವು ಬೆನ್ನಿನಿಂದ ದೂರ ಸರಿದಷ್ಟೂ ಅದೇ ತೂಕ ಹೆಚ್ಚಾಗಿ ಎಳೆಯುತ್ತದೆ. ವಿಭೂತಿ, ಪೂಜಾವಸ್ತ್ರಗಳು ಬೇರೆ ಡಬ್ಬಿಯಲ್ಲಿ ಮೇಲ್ಗಡೆ ಇರಲಿ, ಬೆಳಗಿನ ಕತ್ತಲಲ್ಲಿ ಚೀಲವನ್ನೆಲ್ಲ ಕೆದಕಬೇಕಾಗದು. ಮಧುಮೇಹವುಳ್ಳವರು ಇನ್ಸುಲಿನ್ನನ್ನು ಹೊರಜೇಬಿನಲ್ಲಿಡಬಾರದು. ಅಲ್ಲಿ ಬಿಸಿಲು ನೇರವಾಗಿ ತಾಗಿ ಔಷಧಿ ಸತ್ವ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ, ಚೀಲದ ನಡುವೆ ಇಡಬೇಕು. ಸಕ್ಕರೆ ಅಥವಾ ಬೆಲ್ಲದ ತುಣುಕು ಮಾತ್ರ ಕೈಗೆ ತಕ್ಷಣ ಸಿಗುವ ಜೇಬಿನಲ್ಲಿಯೇ ಇರಬೇಕು.

ಚೀಲವನ್ನು ನೆಲದಿಂದ ಬಾಗಿ, ತಿರುಚಿ, ಬೀಸಿ ಏರಿಸಿಕೊಳ್ಳುವವರಿಗೆ ಸೊಂಟ ಹಿಡಿಯುವುದು ಹೆಚ್ಚು. ಎಲುಬು ಸವೆದಿರುವ ವೃದ್ಧ ತಾಯಂದಿರಿಗಂತೂ ಅದು ಅಪಾಯ. ಕಟ್ಟೆಯ ಮೇಲಿಟ್ಟು, ಬೆನ್ನು ಕೊಟ್ಟು ಕುಳಿತು ಪಟ್ಟಿ ತೊಡಿಸಿಕೊಳ್ಳಬೇಕು. ಕಟ್ಟೆಯಿಲ್ಲದಿದ್ದರೆ ಸಂಗಡಿಗರು ಎತ್ತಿ ಹಿಡಿಯಲಿ.

ಹೊಸ ಚೀಲವನ್ನು ನೇರವಾಗಿ ಯಾತ್ರೆಗೆ ಒಯ್ಯಕೂಡದು. ಯುಗಾದಿಗೆ ಇನ್ನೂ ಒಂದು ತಿಂಗಳಿರುವಾಗಲೇ ಅರ್ಧಭಾರ ತುಂಬಿ ದಿನವೂ ಒಂದು ಗಂಟೆ ಹೊಲದ ದಾರಿಯಲ್ಲಿ ನಡೆದು, ವಾರವಾರಕ್ಕೂ ಭಾರ ಏರಿಸುತ್ತ ಬಂದರೆ ಪಟ್ಟಿ ಎಲ್ಲಿ ಕಚ್ಚುತ್ತದೆ, ಬಕಲ್ ಎಲ್ಲಿ ಒತ್ತುತ್ತದೆ ಎಂಬುದು ಮನೆಯ ಹತ್ತಿರವೇ ತಿಳಿಯುತ್ತದೆ. ಯಾತ್ರೆ ಮುಗಿಸಿ ಬಂದ ಮೇಲೆ ಬೆವರಿನ ಉಪ್ಪು ಹೋಗುವಂತೆ ತಣ್ಣೀರಿನಲ್ಲಿ ಮೃದುವಾದ ಸಾಬೂನು ಹಾಕಿ ಕೈಯಿಂದ ತೊಳೆದು, ನೆರಳಿನಲ್ಲಿ ತಲೆಕೆಳಗಾಗಿ ತೂಗಿಬಿಡಬೇಕು. ಯಂತ್ರದಲ್ಲಿ ತೊಳೆದರೆ ಒಳಲೇಪ ಸುಲಿಯುತ್ತದೆ. ಪೂರ್ತಿ ಆರಿದ ಮೇಲೆ ಜಿಪ್ಪಿನ ಹಲ್ಲುಗಳಿಗೆ ಮೇಣದಬತ್ತಿಯನ್ನು ಸವರಿ, ಮಡಚದೆ, ಗಾಳಿಯಾಡುವ ಗೂಟಕ್ಕೆ ಹಾಕಿಟ್ಟರೆ ಮುಂದಿನ ಫಾಲ್ಗುಣಕ್ಕೂ ಅದೇ ಚೀಲ ಸಿದ್ಧವಾಗಿರುತ್ತದೆ.