ಕಟ್ಟಿದ ಸಿಂಕು: ಒಬ್ಬ ಪ್ಲಂಬರನ ಪಾಠಗಳು

ಹಬ್ಬದ ಮರುದಿನ ನಮ್ಮ ಫೋನಿಗೆ ಬಿಡುವಿಲ್ಲ. ಯುಗಾದಿಯಾದರೆ ಹೋಳಿಗೆಯ ಕಣಕ, ತುಪ್ಪ. ದೀಪಾವಳಿಯಾದರೆ ಕರಿದುಳಿದ ಎಣ್ಣೆ. ನಾನು ಹೋಗುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಆಸಿಡ್ಡೋ ಕಾಸ್ಟಿಕ್ ಪುಡಿಯೋ ತಂದು ಸುರಿದಾಗಿರುತ್ತದೆ. ನೀರು ಮಾತ್ರ ಹಾಗೇ ನಿಂತಿರುತ್ತದೆ, ಈಗ ಕೈ ಇಟ್ಟರೆ ಸುಡುವ ನೀರು. ಅಂಥವರಿಗೆ ಹೇಳುತ್ತಾ ಬಂದ ಮಾತುಗಳು ಇವು.

1. ಎಲ್ಲಿ ಕಟ್ಟಿದೆ ಅಂತ ಮೊದಲು ತಿಳಿಯಿರಿ. ಸಿಂಕು ಮಾತ್ರ ನಿಂತಿದ್ದರೆ ತೊಂದರೆ ಬಹುಮಟ್ಟಿಗೆ ಅದರ ಕೆಳಗಿನ ಎರಡು ಮೂರು ಅಡಿಯಲ್ಲೇ ಇರುತ್ತದೆ. ಸಿಂಕಿನ ನೀರು ಯುಟಿಲಿಟಿಯ ನೆಲದ ಜಾಲರಿಯಲ್ಲಿ ಉಕ್ಕಿದರೆ ಅದರಾಚೆ, ಹೊರಗಿನ ಛೇಂಬರಿನ ದಿಕ್ಕಿನಲ್ಲಿ. ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನೀವು ನಲ್ಲಿ ತಿರುಗಿಸದಿದ್ದರೂ ಸಿಂಕಿನಲ್ಲಿ ನೊರೆ ಏರುತ್ತಿದೆಯೇ? ಅದು ಮೇಲಿನ ಮನೆಯವರ ನೀರು. ನಿಮ್ಮ ಸಿಂಕಿಗೆ ಏನು ಸುರಿದರೂ ಅದು ಇಳಿಯುವುದಿಲ್ಲ.

2. ಆಸಿಡ್ ತೆಗೆಯುವುದು ಸುಣ್ಣದ ಕಲೆಯನ್ನು, ಜಿಡ್ಡನ್ನಲ್ಲ. ಅಡುಗೆಮನೆಯ ಪೈಪಿನಲ್ಲಿ ಕಟ್ಟುವುದು ಜಿಡ್ಡು. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಆ ಜಿಡ್ಡು, ಸೋಪು ಮತ್ತು ನೀರಿನ ಕ್ಯಾಲ್ಸಿಯಂ ಸೇರಿ ಬೂದುಬಣ್ಣದ ಅಂಟು ಆಗುತ್ತದೆ. ಅದರ ಮೇಲೆ ಅನ್ನದ ಅಗುಳು, ಕಾಯಿತುರಿ, ಟೀ ಚರಟ. ಇಲ್ಲಿಗೆ ಆಸಿಡ್ ಸುರಿದರೆ ಲಾಭ ಅಷ್ಟಕ್ಕಷ್ಟೆ, ಸ್ಟೀಲ್ ಸಿಂಕಿನಲ್ಲಿ ಚುಕ್ಕೆ ಚುಕ್ಕೆ ಗುಳಿ ಬೀಳುವುದು ಬೇರೆ. ಕಾಸ್ಟಿಕ್ ಜಿಡ್ಡನ್ನು ಕರಗಿಸುವುದು ನಿಜ. ಆದರೆ ಪೂರ್ತಿ ಕಟ್ಟಿದ ಪೈಪಿನಲ್ಲಿ ಅದು ಜಿಡ್ಡಿನ ತನಕ ತಲುಪಬೇಕಲ್ಲ! ಎರಡನ್ನೂ ಒಂದಾದ ಮೇಲೊಂದು ಸುರಿದರೆ ಕುದಿದು ಮುಖಕ್ಕೆ ಎರಚುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ. ಏನಾದರೂ ಸುರಿದಿದ್ದರೆ ಪ್ಲಂಬರನಿಗೆ ಬಾಗಿಲಲ್ಲೇ ಹೇಳಿಬಿಡಿ.

3. ಅಡುಗೆ ಸೋಡಾ, ವಿನಿಗರ್ ಆಟ ನೋಡಲು ಚೆಂದ. ಬುಸ್ಸೆಂದು ನೊರೆ ಬರುತ್ತದೆ, ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇ. ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಗಾಳಿಗೆ ಹೋಗುವ ಇಂಗಾಲದ ಡೈಆಕ್ಸೈಡ್ ಮತ್ತು ಸಪ್ಪೆ ಉಪ್ಪುನೀರು. ವಾಸನೆ ಸ್ವಲ್ಪ ತಗ್ಗೀತು, ಕಟ್ಟಿದ್ದು ಬಿಡುವುದಿಲ್ಲ.

4. ಬಿಸಿನೀರು ಸರಿ, ಕುದಿನೀರು ಬೇಡ. ಸಿಂಕಿನ ಕೆಳಗಿರುವುದು ಸಾಮಾನ್ಯವಾಗಿ ಪಿವಿಸಿ ಪೈಪು. 60 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ, ಜಾಯಿಂಟು ಸಡಿಲವಾಗುತ್ತದೆ. ನೀರು ನಿಧಾನವಾಗಿಯಾದರೂ ಇಳಿಯುತ್ತಿದ್ದರೆ ಪಾತ್ರೆ ತೊಳೆಯುವ ದ್ರವವನ್ನು ಧಾರಾಳವಾಗಿ ಹಾಕಿ, ಹದಿನೈದು ನಿಮಿಷ ಬಿಟ್ಟು, ಸ್ನಾನಕ್ಕಿಂತ ತುಸು ಬಿಸಿಯಾದ ನೀರನ್ನು ಒಂದೇ ಸಲಕ್ಕೆ ಸುರಿಯಿರಿ. ನೀರು ಪೂರ್ತಿ ನಿಂತಿದ್ದರೆ ಇದು ದಂಡ.

5. ಪ್ಲಂಜರ್ ಒತ್ತುವ ಸಾಧನವಲ್ಲ, ಎಳೆಯುವ ಸಾಧನ. ಬರೀ ಒತ್ತಿದರೆ ಕಟ್ಟಿದ ಮುದ್ದೆ ಇನ್ನಷ್ಟು ಬಿಗಿಯುತ್ತದೆ. ರಪ್ಪನೆ ಎಳೆದಾಗ ಸಡಿಲವಾಗುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಹಾಗಾಗಿ ರಬ್ಬರ್ ಬಟ್ಟಲು ಮುಳುಗುವಷ್ಟು ನೀರು ಸಿಂಕಿನಲ್ಲಿ ಇರಲೇಬೇಕು. ವಾಶ್‌ಬೇಸಿನ್ನಿನ ಮೇಲಂಚಿನ ತೂತಿಗೆ ಒದ್ದೆ ಬಟ್ಟೆ ತುರುಕಿ. ಜೋಡಿ ಸಿಂಕಾದರೆ ಪಕ್ಕದ ಕಿಂಡಿಗೂ. ಇಲ್ಲವಾದರೆ ನಿಮ್ಮ ಬಲವೆಲ್ಲ ಅಲ್ಲಿಂದ ಹೊರಗೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವೇಸ್ಟ್ ಪೈಪಿನ ತುದಿಯನ್ನು ನೆಲದ ಟ್ರ್ಯಾಪಿಗೆ ಸುಮ್ಮನೆ ಇಳಿಬಿಟ್ಟಿರುತ್ತಾರೆ. ಜೋರಾಗಿ ಪಂಪ್ ಮಾಡಿದರೆ ಅದು ಕಿತ್ತುಬಂದು ಕಪಾಟೆಲ್ಲ ಕೊಳೆಯಾಗುತ್ತದೆ. ಕೆಳಗೆ ಯಾರಾದರೂ ಪೈಪು ಹಿಡಿದುಕೊಂಡಿರಲಿ. ಆಸಿಡ್ ಸುರಿದ ಸಿಂಕಿಗೆ ಪ್ಲಂಜರ್ ಮುಟ್ಟಿಸಲೇಬೇಡಿ.

6. ಟ್ರ್ಯಾಪ್ ಬಿಚ್ಚಲು ಹೆದರಬೇಡಿ. ಬಾಟಲ್ ಟ್ರ್ಯಾಪಿನ ತಳದ ಬಟ್ಟಲು ಕೈಯಲ್ಲೇ ತಿರುಗುತ್ತದೆ. ಕೆಳಗೆ ಬಕೆಟ್ ಇಡಿ, ವಾಷರನ್ನು ಇದ್ದ ಮಗ್ಗುಲಲ್ಲೇ ಪಕ್ಕಕ್ಕಿಡಿ, ತಿರುವುಮುರುವಾದರೆ ಸೋರುತ್ತದೆ. ಬಕೆಟ್ಟಿನ ಕೊಳೆನೀರನ್ನು ಅಭ್ಯಾಸಬಲದಿಂದ ಅದೇ ಸಿಂಕಿಗೆ ಸುರಿದು ಕಾಲು ತೋಯಿಸಿಕೊಂಡವರನ್ನು ಬಹಳ ನೋಡಿದ್ದೇನೆ. ಮರುಜೋಡಿಸಿದ ಮೇಲೆ ನೀರು ಬಿಡಿ. ಟ್ರ್ಯಾಪಿನಲ್ಲಿ ಸದಾ ಸುಮಾರು 50 ಮಿ.ಮೀ. ನೀರು ನಿಂತಿರಬೇಕು, ಚರಂಡಿ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಅದೇ.

7. ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪು ಜೋತುಬಿದ್ದಿದ್ದರೆ ಕಿತ್ತು ಬಿಸಾಕಿ, ನಯವಾದ ಪೈಪು ಹಾಕಿಸಿ. ಅಡಿಗೆ ಕಾಲಿಂಚು ಇಳಿಜಾರು ಸಾಕು.

8. ವಾಶ್‌ಬೇಸಿನ್ನಿನ ಶತ್ರು ಕೂದಲು. ಕೊಕ್ಕೆ ಮಾಡಿದ ತಂತಿ ಸಾಕು. ಕೆಳಗೆ ತಳ್ಳದೆ ಮೇಲಕ್ಕೆಳೆಯಿರಿ.

9. ಕಲಗಚ್ಚಿನ ಬಾನಿ ಮರಳಿ ಬರಲಿ. ಅಕ್ಕಿ ತೊಳೆದ ನೀರು, ಗಂಜಿ, ಉಳಿದ ಸಾರು ಎಲ್ಲ ಅದಕ್ಕೆ ಬೀಳುತ್ತಿತ್ತು, ಸಂಜೆ ಹಸುವಿಗೆ ಹೋಗುತ್ತಿತ್ತು. ಬಚ್ಚಲಿಗೆ ಹೋಗುತ್ತಿದ್ದ ಮುಸುರೆ ಕಡಿಮೆ. ಫ್ಲ್ಯಾಟಿನಲ್ಲಿ ಹಸು ಕಟ್ಟಲಾಗದು, ಸಿಂಕಿನ ಪಕ್ಕ ಒಂದು ಡಬ್ಬ ಇಡಬಹುದು. ಹುಣಸೆ ನಾರು, ಟೀ ಚರಟ, ದೋಸೆಹಿಟ್ಟಿನ ತಳ ಅದಕ್ಕೆ ಹೋಗಲಿ. ಬಿಸಿ ಗಂಜಿ ಪೈಪಿಗೆ ಹೋದರೆ ಆರಿದ ಮೇಲೆ ಗಟ್ಟಿಯಾಗುತ್ತದೆ. ಎಣ್ಣೆ ಬಾಣಲೆಯನ್ನು ತೊಳೆಯುವ ಮುಂಚೆ ಹಳೇ ಪತ್ರಿಕೆಯಿಂದ ಒರೆಸಿ.

10. ಛೇಂಬರ್ ಕಟ್ಟಿದ್ದರೆ ಮುಚ್ಚಳ ತೆಗೆದು ಹೊರಗೆ ನಿಂತೇ ಬಿದಿರಿನ ಸೀಳು ಅಥವಾ ಸ್ಪ್ರಿಂಗ್ ವೈರ್ ಹಾಯಿಸಬೇಕು, ಅಷ್ಟೇ. ಅದಕ್ಕೂ ಬಗ್ಗದಿದ್ದರೆ ಜೆಟ್ಟಿಂಗ್ ಯಂತ್ರ ಕರೆಸಿ; ಬೀದಿಯ ಒಳಚರಂಡಿಯೇ ಕಟ್ಟಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಮ್ಯಾನ್‌ಹೋಲಿನಲ್ಲೂ ಶೌಚಗುಂಡಿಯಲ್ಲೂ ಸೇರಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಕೆಲವೇ ಉಸಿರಿನಲ್ಲಿ ಆಳನ್ನು ಕೆಡವುತ್ತದೆ. ಸುರಕ್ಷಾ ಸಾಧನವಿಲ್ಲದೆ ಅವುಗಳೊಳಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಐನೂರು ರೂಪಾಯಿ ಕೊಟ್ಟರೆ ಇಳಿಯುತ್ತೇನೆ ಎಂದು ಯಾರಾದರೂ ಬಂದರೆ ದಯವಿಟ್ಟು ವಾಪಸ್ ಕಳಿಸಿ.